ಸೀಟು ಹಿಡಿದ ಕುಚ್ಚು

ಪ್ರಚಾರವಿಲ್ಲದೆ ಈ ಲೋಕದಲ್ಲಿ ಯಾವ ಕಲೆಯೂ ಬೆಳಗಿದ್ದಿಲ್ಲ. ಕರಪತ್ರ ಅಚ್ಚು ಹಾಕಿಸುವವರೆಗೆ ನಾನೂ ಹೀಗೇ ನಂಬಿದ್ದೆ.

ವಿಷಯ ಇಷ್ಟು. ನನ್ನಾಕೆ ಮಧುಗಿರಿಯ ಸೀರೆ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ನಿಂತಳು. ಕೆಲಸ ಮಾಡಿದಳು ಎನ್ನುವುದಕ್ಕಿಂತ ನಿಂತಳು ಎನ್ನುವುದೇ ಸರಿ, ಅಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಮಂಡಿಗಳು ಮುಷ್ಕರ ಹೂಡಿದಾಗ ಕೆಲಸ ಬಿಟ್ಟು, ಮನೆಯಲ್ಲೇ ಸೀರೆ ಸೆರಗಿಗೆ ಕುಚ್ಚು ಕಟ್ಟಲು ಕುಳಿತಳು. ಇದಕ್ಕೆ ಈಗ ಫ್ರೀಲಾನ್ಸಿಂಗ್ ಎನ್ನುತ್ತಾರಂತೆ. ನಮ್ಮೂರಲ್ಲಿ "ಮನೇಲೇ ಇದ್ದಾಳೆ" ಎನ್ನುತ್ತಾರೆ.

ಕೈಕೆಲಸಕ್ಕೆ ಹೆಸರಿಡುವಂತಿಲ್ಲ. ಗಿರಾಕಿಗಳು? ಬರೀ ನೆಂಟರು. (ನೆಂಟರು ಗಿರಾಕಿಗಳಲ್ಲ. ಸೀರೆ ಇಟ್ಟು, ಕಾಫಿ ಕುಡಿದು ಹೋಗುತ್ತಾರೆ.) ಮೂರು ತಿಂಗಳಾದ ಮೇಲೆ ಅಂಗಡಿಯ ಸಾಹುಕಾರರು ಹೇಳಿ ಕಳಿಸಿದರು: ಸೋಮವಾರದಿಂದ ಬರುವುದಾದರೆ ಬರಲಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಆಗ ನಾನು ಪ್ರಚಾರ ಖಾತೆ ವಹಿಸಿಕೊಂಡೆ. "ನಾರೀಮಣಿಗಳ ಸೌಂದರ್ಯಪ್ರಜ್ಞೆಗೆ ನೂತನ ಆಯಾಮ" ಎಂದು ಕರಪತ್ರ ಬರೆದು, ಕೆಳಗೆ ಫೋನ್ ನಂಬರ್ ಕೊಟ್ಟು, ಪೇಪರಿನೊಳಗೆ ಹಾಕಿಸಿದೆ. ಒಂದೇ ಒಂದು ಫೋನ್ ಬಂತು. "ಸಾರ್, ಯೋಗ ಕ್ಲಾಸು ಎಷ್ಟೊತ್ತಿಗೆ?"

ನನ್ನಾಕೆ ಕರಪತ್ರವನ್ನು ಎರಡು ಸಲ ಓದಿದಳು. "ಕುಚ್ಚು ಅಂತ ಎಲ್ಲೂ ಬರ್ದೇ ಇಲ್ವಲ್ರೀ!"

(ಸಾಹಿತ್ಯದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಬಾರದು.)

ಇನ್ನು ಮಹಾಲಕ್ಷ್ಮಿಯೇ ಗತಿ ಎಂದು ಶುಕ್ರವಾರ ಗೊರವನಹಳ್ಳಿಗೆ ಹೊರಟೆವು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಶುಕ್ರವಾರದ ಬಸ್ಸಿನಲ್ಲಿ ಸೀಟೆಂದರೆ ಸಾಮಾನ್ಯವೇ? ಕಿಟಕಿಯಿಂದ ಟವೆಲ್ ಹಾಕಲೇಬೇಕು. ನನ್ನ ಟವೆಲ್ ಮನೆಯ ಹಗ್ಗದ ಮೇಲಿತ್ತು. ಆಕೆಯ ಬ್ಯಾಗಿಗೆ ಕೈ ಹಾಕಿ, ಸಿಕ್ಕ ಬಟ್ಟೆಯನ್ನು ಒಳಗೆಸೆದೆ.

"ಅಯ್ಯೋ, ಅದು ನನ್ ಸ್ಯಾಂಪಲ್ಲು ಕಣ್ರೀ! ದೇವಿ ಪಾದಕ್ಕೆ ಮುಟ್ಸೋಣ ಅಂತ ಇಟ್ಕೊಂಡಿದ್ದೆ!"

ಹನ್ನೆರಡು ಬಗೆಯ ಕುಚ್ಚು ಕಟ್ಟಿದ್ದ ಸೆರಗಿನ ತುಂಡು. ನೂಕಾಡಿ ಹತ್ತಿದರೆ, ಆ ಸೀಟಿನಲ್ಲಿ ಗಟ್ಟಿ ಹೆಂಗಸೊಬ್ಬರು ಕುಳಿತಾಗಿತ್ತು. ಬಟ್ಟೆ ಅವರ ಕೈಯಲ್ಲಿತ್ತು.

"ಈ ಸೀಟಿಗೆ ನಾವು ಬಟ್ಟೆ ಹಾಕಿದ್ವು" ಎಂದೆ, ಯುದ್ಧಕ್ಕೆ ಸಿದ್ಧನಾಗಿ.

"ಸುಮ್ಕಿರಣ್ಣ, ಸೀಟಿನ್ ಮಾತು ಆಮ್ಯಾಕೆ. ಈ ಕುಚ್ಚು ಯಾರು ಕಟ್ಟಿದ್ದು?"

"ನಾನೇ ಕಣಕ್ಕ" ಎಂದಳು ನನ್ನಾಕೆ.

"ಇಂಗೂ ಕಟ್ತಾರಾ! ಲೇ ಗೌರಿ, ನೋಡ್ಬಾರೇ ಇಲ್ಲಿ!"

ಬಟ್ಟೆ ಸೀಟಿನಿಂದ ಸೀಟಿಗೆ ಪ್ರಯಾಣ ಬೆಳೆಸಿತು. ಹಿಂದಿನಿಂದ ಪಾವಗಡದ ಕಡೆಯ ಅಮ್ಮ ಒಬ್ಬರು ತೆಲುಗು ಬೆರೆಸಿ ಮೆಚ್ಚಿ ಕೂಗಿದರು: "ಅಬ್ಬಾ, ಬಾಗುಂದಮ್ಮಾ! ನಮ್ ಹುಡ್ಗೀದು ಮದ್ವೆ ಐತೆ. ಹನ್ನೊಂದು ಸೀರೆ. ಕಟ್ಕೊಡ್ತೀಯೇನಮ್ಮ?"

ಕಂಡಕ್ಟರ್ ಗದರಿದ. "ಏನ್ರಮ್ಮ, ಬಸ್ಸಾಗೆ ಅಂಗಡಿ ಇಕ್ಬುಟ್ರಾ?" ಅಷ್ಟರಲ್ಲಿ ಬಟ್ಟೆ ಅವನ ಕೈಗೂ ಬಂತು. ತಿರುಗಿಸಿ ನೋಡಿದ. "ನಂಬರ್ ಕೊಡಿ. ನಮ್ಮನೇರ್ಗೂ ತೋರುಸ್ಬೇಕು."

ಜೇಬಿನಲ್ಲಿ ಕರಪತ್ರಗಳು ಉಳಿದಿದ್ದವು. ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ 'ಕುಚ್ಚು' ಎಂದು ಬರೆಬರೆದು ಹಂಚಿದೆ. ಕೊನೆಗೂ ನನ್ನ ಸಾಹಿತ್ಯ ಜನರನ್ನು ಮುಟ್ಟಿತು, ಮಗುಚಿಕೊಂಡು.

ಮಾರ್ಕೆಟಿಂಗ್ ಬಗ್ಗೆ ಬಲ್ಲವರು ಏನೇನೋ ಉಪದೇಶಿಸುತ್ತಾರೆ. ನನ್ನದು ಒಂದೇ: ಮಾಲನ್ನು ಬಸ್ಸಿನೊಳಕ್ಕೆ ಎಸೆಯಿರಿ.

"ಬಾರವ್ವ, ಕುಂತ್ಕ" ಎಂದು ಆ ಗಟ್ಟಿ ಹೆಂಗಸು ಸರಿದು ಜಾಗ ಕೊಟ್ಟರು. ನನ್ನಾಕೆ ಕುಳಿತಳು. ನಾನು ಗೊರವನಹಳ್ಳಿಯವರೆಗೆ ನಿಂತೆ.

ಸೋಮವಾರ ಸೀರೆ ಅಂಗಡಿಯವರು ಬೇರೆಯವರನ್ನು ನೋಡಿಕೊಂಡರು.