ಹಿಂದಿನ ಸಾಲಿನ ರೋಮನ್ ಸಿಪಾಯಿಗಳು

ನನ್ನ ಅಕ್ಕಿ ಅಂಗಡಿಯ ತೂಕದ ಕಾಟಾದ ಮೇಲೆ ನಿಲ್ಲಿಸಿದರೆ ಇಪ್ಪತ್ತೈದು ಕಿಲೋದ ಎರಡು ಚೀಲ ಅಕ್ಕಿಯಷ್ಟೂ ತೂಗದ ಆಸಾಮಿ ನಮ್ಮ ಮಾನ್ವಿಯ ಪ್ರಭುರಾಜ. ಹೆಸರಿಗೆ ಗಡಿಯಾರ ರಿಪೇರಿ. ಗಿರಾಕಿ ಬಂದರೆ "ನಾಳೆ ಬರ್ರಿ, ಯುದ್ಧ ನಡದದ" ಎನ್ನುತ್ತಾನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆರಳುದ್ದದ ಪುರಾತನ ರೋಮನ್ ಸಿಪಾಯಿಗಳನ್ನು ಮಾಡುವುದೇ ಅವನ ಕಸುಬು. ಮೈಗೆ ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್, ಕವಚಕ್ಕೆ ಮಾತ್ರೆಪಟ್ಟಿಯ ಬೆಳ್ಳಿಹಾಳೆ, ಶಿರಸ್ತ್ರಾಣದ ಜುಟ್ಟಿಗೆ ಹಲ್ಲುಜ್ಜುವ ಬ್ರಷ್ಷಿನ ಎಳೆ. ಹಲಗೆಯ ಮೇಲೆ ಮಣ್ಣಿನ ಗುಡ್ಡ ಮಾಡಿ ಇನ್ನೂರು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದ್ದ ಅವನ ರಣರಂಗವನ್ನು ಕೊಳ್ಳಲು ರಾಯಚೂರಿನ ಶಾಲೆಯೊಂದು ಗಾಡಿ ಕಳಿಸಿತ್ತು. ಇವತ್ತು ಕೊಡದಿದ್ದರೆ ಬೇಡ ಎಂದಿತ್ತು. ಇವನೋ ಗುಡ್ಡದ ಮರೆಯಲ್ಲಿದ್ದ ಹಿಂದಿನ ಸಾಲನ್ನು ಕಿತ್ತು, ಒಬ್ಬೊಬ್ಬರ ಚಪ್ಪಲಿಗೂ ನೂಲಿನ ಪಟ್ಟಿ ಕಟ್ಟುತ್ತಾ ಕೂತಿದ್ದ. "ಹಿಂದಿನವ್ರ ಕಾಲು ಯಾರು ನೋಡ್ತಾರಲೇ?" ಎಂದೆ. "ನೋಡಾಕಲ್ರೀ ಸಾವ್ಕಾರ್ರ. ಅವ್ರೂ ಅಷ್ಟು ದೂರ ನಡಕೊಂಡು ಬಂದಾರ, ಬರಿಗಾಲಾಗ ಹೆಂಗ ನಿಲ್ಲಸ್ಲಿ?" ಎಂದ. ಗಾಡಿ ಖಾಲಿ ಹೋಯಿತು. ಅವನು ತಲೆ ಎತ್ತಲಿಲ್ಲ. ನಾನು ಚೀಲದ ಬಾಯಿಗೆ ಇಡಿಯಕ್ಕಿ, ತಳಕ್ಕೆ ನುಚ್ಚು ತುಂಬಿ ಮೂವತ್ತು ವರ್ಷ ಜಾಣನೆನಿಸಿಕೊಂಡವನು. ಈಗ ನನ್ನ ಚೀಲದ ತಳದಲ್ಲೂ ಬಾಯಲ್ಲಿರುವ ಅಕ್ಕಿಯೇ ಇದೆ. ಅದಕ್ಕಾಗಿ ನಾನು ಪ್ರಭುರಾಜನಿಗೆ ಋಣಿ.