ಅಲ್ಲಾಳಸಂದ್ರದಿಂದ ಸಂಜಯನಗರಕ್ಕೆ, ಕೋಲಿನ ಹಿಂದೆ

ಅಲ್ಲಾಳಸಂದ್ರ ಬಿಟ್ಟಾಗ ಬೆಳಗ್ಗೆ ಒಂಬತ್ತಾಗಿತ್ತು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಸಂಜಯನಗರ ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್. ಇದನ್ನೂ ಪ್ರವಾಸ ಅಂತ ಬರೆಯುತ್ತಾರೆಯೇ ಎಂದು ನೀವು ನಗಬಹುದು, ನಕ್ಕುಬಿಡಿ. ನಾನು ಮೊದಲಿನಿಂದಲೂ ಪುಕ್ಕಲು. ಕಣ್ಣು ಕಾಣದ ಹಿರಿಯರೊಬ್ಬರು ಏಳನೇ ಕ್ಲಾಸಿನ ಹುಡುಗಿ ಮಾಡಿದ ಕೋಲನ್ನು ನಂಬಿ ಬೀದಿಯಲ್ಲಿ ನಡೆಯುವುದಿತ್ತು, ಅದಕ್ಕೆ ಹೊಣೆ ನಾನಾಗಿದ್ದೆ. 

ಬೆಂಗಳೂರಿನದೇ ಸಿಂಗಾಪುರ ಬಡಾವಣೆಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಶನಿವಾರ ಮಕ್ಕಳಿಗೆ ರೋಬೋಟ್, ಕೋಡಿಂಗ್ ಕಲಿಸುತ್ತೇನೆ. ಮನೆಯಲ್ಲಿ ಯಾರಿಗೆ ಏನು ಕಷ್ಟ ಎಂದು ಕೇಳಿಕೊಂಡು ಬಂದು ಅದಕ್ಕೊಂದು ವಸ್ತು ಮಾಡಬೇಕು. ಆಮೇಲೆ ಅದನ್ನು ಅವರ ಕೈಗೇ ಕೊಟ್ಟು, ಎರಡು ಹೆಜ್ಜೆ ಹಿಂದೆ ನಿಂತು ನೋಡಬೇಕು. ಬಾಯಿ ಬಿಡಬಾರದು, ಕೈ ಹಾಕಬಾರದು. ನಿಯಮ ನನ್ನದೇ. ಅಲ್ಲಾಳಸಂದ್ರದ ಚೈತ್ರಾ ತನ್ನ ತಾತ ಮುನಿಶಾಮಪ್ಪನವರಿಗೆ ಕೋಲು ಮಾಡಿದ್ದಳು. ಅದರ ಮೇಲ್ಭಾಗದಲ್ಲಿ ಎರಡು ದುಂಡು ಕಣ್ಣಿನ ಸೆನ್ಸರ್. ಎದುರಿಗೆ ಏನಾದರೂ ಅಡ್ಡ ಬಂದರೆ ಹಿಡಿ ನಡುಗುತ್ತದೆ. ದೃಷ್ಟಿ ಹೋದ ಮೇಲೆ ತಾತ ಗೇಟು ದಾಟಿರಲಿಲ್ಲ. ಮೊಮ್ಮಗಳ ಕೋಲೆಂದು ಸಂಜಯನಗರದ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಹೊರಟಿದ್ದರು. "ಎಲ್ಲಾದ್ರೂ ಬಿದ್ರೆ ಅವ್ರು ಇನ್ಮೇಲೆ ಹೊರಗೆ ಕಾಲಿಡೋದೇ ಇಲ್ಲ ಕಣ್ರೀ ಮೇಡಂ," ಎಂದು ಚೈತ್ರಾಳ ಅಪ್ಪ ನನಗೆ ಮೊದಲೇ ಹೇಳಿದ್ದರು.

ಹೊಸ ಸ್ಕೂಟರಿಗೆ ಮಾಡುವಂತೆ ಚೈತ್ರಾಳ ಅಜ್ಜಿ ಬೆಳಗ್ಗೆಯೇ ಕೋಲಿಗೂ ಪೂಜೆ ಮಾಡಿದ್ದರು. ಹಿಡಿಗೆ ಮಲ್ಲಿಗೆ ಸುತ್ತಿತ್ತು. ಗೇಟಿನ ಹತ್ತಿರ ನಿಂಬೆಹಣ್ಣು ಇಟ್ಟು, ಚಕ್ರವಿಲ್ಲದ್ದರಿಂದ ತಾತನ ಕಾಲಿನಿಂದಲೇ ತುಳಿಸಿದರು. ನಾವೆಲ್ಲ ನಕ್ಕೆವು. ಹೂವು ಸೆನ್ಸರಿಗೆ ಅಡ್ಡ ಬರುವುದಿಲ್ಲ ಎಂದು ನೋಡಿಕೊಂಡು ಸುಮ್ಮನಾದೆ.

ಬಸ್ಸಿನಲ್ಲಿ ನನಗೂ ಚೈತ್ರಾಗೂ ಉಚಿತ ಟಿಕೆಟ್, ತಾತನಿಗೆ ಮಾತ್ರ ದುಡ್ಡು. "ಕಣ್ ಕಾಣ್ದೋನ್ ತಾವ ಕಾಸು ಇಸ್ಕೊಂಡ್ರಲ್ಲ!" ಎಂದು ತಾತ ಕಂಡಕ್ಟರನ್ನು ರೇಗಿಸಿದರು. ಬ್ಯಾಟರಾಯನಪುರ ದಾಟುವ ಹೊತ್ತಿಗೆ ನಿಲ್ಲಲೂ ಜಾಗವಿರಲಿಲ್ಲ. ಅಷ್ಟು ಜನ ಮೈಮೇಲೆ ಬೀಳುತ್ತಿದ್ದರೂ ಕೋಲು ತೆಪ್ಪಗಿತ್ತು. ಚೈತ್ರಾ ಸ್ವಿಚ್ ಆರಿಸಿರಬೇಕು, ಜಾಣೆ ಎಂದುಕೊಂಡೆ. ನಾನು ಆರಿಸಿದ್ದೇನೆಂದು ಅವಳು ತಿಳಿದಿದ್ದಳಂತೆ. ತಣ್ಣನೆ ಗಾಳಿ ಬೀಸಿದಾಗ ತಾತ ಮುಖ ಎತ್ತಿ, "ಎಬ್ಬಾಳದ ಕೆರೆ ಬಂತು," ಎಂದರು. ಎಷ್ಟು ಖುಷಿಯಾಗಿದ್ದರೆಂದರೆ ನನ್ನ ಭಯ ಇಮ್ಮಡಿಯಾಯಿತು.

ಹೆಬ್ಬಾಳದಿಂದ ಆಟೋ ಹಿಡಿದು ಶಾಲೆಗಿಂತ ಒಂದು ಬೀದಿ ಹಿಂದೆಯೇ ಇಳಿದೆವು. ತಾತ ಅಲ್ಲಿಂದ ಒಬ್ಬರೇ ನಡೆಯಬೇಕಿತ್ತು. ಸ್ವಿಚ್ಚನ್ನು ಚೈತ್ರಾ ಮತ್ತೆ ಹಾಕಿರುತ್ತಾಳೆಂದು ನಾನು, ನಾನು ಹಾಕಿರುತ್ತೇನೆಂದು ಅವಳು. ಹೊರಡುವಾಗ ತಡವರಿಸಿದವರು ಹತ್ತು ಹೆಜ್ಜೆ ಹಾಕಿದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು. "ನಡುಗ್ತಾನೇ ಇಲ್ಲ. ದಾರಿ ಬಾಳ ಚೆನ್ನಾಗೈತೆ!" ಎಂದು ಇನ್ನೂ ಬಿರಬಿರನೆ ನಡೆದರು.

ಮುಂದೆ ಗೂಡ್ಸ್ ಆಟೋ ಒಂದು ನಿಂತಿತ್ತು. ಅದರ ಹಿಂದೆ ಪ್ಲೈವುಡ್ ಹಲಗೆಗಳ ಕಟ್ಟು ಮುಖದ ಎತ್ತರಕ್ಕೆ ಚಾಚಿಕೊಂಡಿತ್ತು. ಕೆಳಗೆ ಬರೀ ಗಾಳಿ. ಕೋಲಿನ ತುದಿಗೆ ಏನೂ ತಗಲುವಂತಿರಲಿಲ್ಲ. ಈಗ ನಡುಗುತ್ತದೆ ಎಂದುಕೊಂಡೆ. ತಾತ ನಿಲ್ಲಲಿಲ್ಲ. ಈಗ, ಈಗ ಎಂದು ಉಸಿರು ಹಿಡಿದೆ. ಕೂಗಬೇಕಿತ್ತು, ಕೂಗಲಿಲ್ಲ. ನಿಯಮವೋ ಭಯವೋ, ನನಗೆ ಈಗಲೂ ಗೊತ್ತಿಲ್ಲ.

"ತಾತಾ, ನಿಂತ್ಕೋ!"

ಚೈತ್ರಾ ಕಿರುಚಿದಳು. ತಾತ ನಿಂತರು. ಹಲಗೆಯ ಅಂಚು ಅವರ ಹಣೆಯಿಂದ ಒಂದು ಗೇಣು ದೂರವಿತ್ತು. ಕೈ ಚಾಚಿ ಅದನ್ನು ಮುಟ್ಟಿ ನೋಡಿದ ತಾತನ ಮುಖ ಬಿಳಿಚಿಕೊಂಡಿತು. ನಾನು ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಚೈತ್ರಾ ಕೋಲು ತಿರುಗಿಸಿ ನೋಡಿದಳು. ಸೆನ್ಸರಿನ ಎರಡೂ ಕಣ್ಣಿನ ಜಾಲರಿಯೊಳಗೆ ಅರಿಶಿನ ಕುಂಕುಮ ಮೆತ್ತಿಕೊಂಡು ಒಣಗಿತ್ತು. ಮುಖದಂತೆ ಕಂಡದ್ದಕ್ಕೆ ಅಜ್ಜಿ ಪ್ರೀತಿಯಿಂದ ಒದ್ದೆ ಕುಂಕುಮ ಒತ್ತಿದ್ದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಮಿಸ್, ಬೇಡ. ಮನೆಗ್ ಹೋಗೋಣ. ತಾತ ಇನ್ನು ಬರಲ್ಲ."

ತಾತ ತಡಕಾಡಿ ಕೋಲಿನ ಕಣ್ಣುಗಳನ್ನು ಬೆರಳಿನಿಂದ ಸವರಿದರು. ಆಮೇಲೆ, "ಕೋಲ್ಗೆ ಕಣ್ ಓಗಿದ್ದು ನಂಗೆಂಗೆ ಗೊತ್ತಾಗ್ಬೇಕವ್ವಾ?" ಎಂದರು.

ಬೈಗುಳವಲ್ಲ, ಪ್ರಶ್ನೆ.  ದಾರಿ ಸರಿಯಿದ್ದಾಗಲೂ ಕೋಲು ಸುಮ್ಮನಿರುತ್ತಿತ್ತು, ತಾನೇ ಕೆಟ್ಟಾಗಲೂ ಸುಮ್ಮನಿರುತ್ತಿತ್ತು. ಆರು ವಾರ ಕೂತು ಮಾಡಿದ ನಮಗೆ ಅದು ಹೊಳೆದಿರಲಿಲ್ಲ.

ಪ್ರದರ್ಶನದಲ್ಲಿ ನಮ್ಮ ಮೇಜಿನ ಮೇಲೆ ಕೋಲನ್ನು ಬಿಚ್ಚಿ ಮಲಗಿಸಿದೆವು. ಬಹುಮಾನದ ಆಸೆ ಅಲ್ಲಿಗೆ ಮುಗಿಯಿತು. ನನ್ನ ಚೀಲದಲ್ಲಿದ್ದ ಇನ್ನೊಂದು ಸೆನ್ಸರನ್ನು ಹಾಕಿ, ಚೈತ್ರಾ ಮೂಗು ಒರೆಸಿಕೊಳ್ಳುತ್ತಲೇ ಲ್ಯಾಪ್‌ಟಾಪಿನಲ್ಲಿ ಕೋಡ್ ಬದಲಿಸಿದಳು. ಸೆನ್ಸರಿನ ಕಣ್ಣು ಕಾಣುತ್ತಿರುವವರೆಗೂ ಹಿಡಿ ಮೆಲ್ಲಗೆ ಮಿಡಿಯುತ್ತಿರಬೇಕು, ಅಡ್ಡ ಬಂದರೆ ಜೋರಾಗಿ ನಡುಗಬೇಕು, ಮಿಡಿತ ನಿಂತರೆ ತಾತ ನಿಲ್ಲಬೇಕು. ತಾತ ಪಕ್ಕದಲ್ಲಿ ಕೂತು ಚಿತ್ರಾನ್ನ ತಿಂದರು. ಹಿಂತಿರುಗುವಾಗ ಆಟೋ, ಬಸ್ಸು ಹತ್ತಲು ಮೊಮ್ಮಗಳ ಭುಜ ಬಿಡಲಿಲ್ಲ, ಕೋಲು ನನ್ನ ಕೈಯಲ್ಲಿತ್ತು. ಮುಗಿಯಿತು ಇನ್ನು ಎಂದು ನನಗೆ ಅಳು ಬಂತು.

ಸಂಜೆ ಅಲ್ಲಾಳಸಂದ್ರದಲ್ಲಿ ಇಳಿದಾಗ ತಾತ ಕೈ ಚಾಚಿದರು. "ಕೊಡಿ ಟೀಚರಮ್ಮ."

ಹಿಡಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿಕೊಂಡು, "ಬಡ್ಕೋತಾ ಐತೆ," ಎಂದು ಮೆಲ್ಲಗೆ ಹೆಜ್ಜೆ ಹಾಕಿದರು. ನಾವು ಹಿಂದೆ ನಡೆದೆವು.  ಮನೆಯ ಗೇಟು ಕಾಣುವ ತಿರುವಿನಲ್ಲಿ ತಾತ ಇದ್ದಕ್ಕಿದ್ದಂತೆ ನಿಂತರು. ಎದುರಿಗೆ ಏನೂ ಇರಲಿಲ್ಲ, ರಸ್ತೆ ಖಾಲಿಯಿತ್ತು.

"ಏನಾಯ್ತು ತಾತಾ?" ಚೈತ್ರಾ ಹಿಂದಿನಿಂದಲೇ ಕೇಳಿದಳು.

"ನಿಂತೋಯ್ತು. ಅದ್ಕೇ ನಾನೂ ನಿಂತೆ."

ನೋಡಿದರೆ ಬ್ಯಾಟರಿ ಮುಗಿದಿತ್ತು. ತಾತ ಅಲ್ಲಾಡದೆ ನಿಂತು, ಇನ್ನೊಂದು ಕೈ ಹಿಂದಕ್ಕೆ ಚಾಚಿದರು. "ಕೈ ಕೊಡು ಮಗಾ. ನಾಳೆ ಚಾರ್ಜ್ ಮಾಡು, ನಮ್ಮೂರ್ ಕೆರೆ ತಂಕ ಓಗ್ಬರಾಣ."

ಚೈತ್ರಾ ಓಡಿ ಹೋಗಿ ಕೈ ಹಿಡಿದಳು. ಎರಡು ಹೆಜ್ಜೆ ಹಿಂದೆ ನಿಲ್ಲುವ ನನ್ನ ನಿಯಮ ಬಿಟ್ಟು, ಕೋಲು ಹಿಡಿದ ಅವರ ಇನ್ನೊಂದು ತೋಳನ್ನು ನಾನೂ ಹಿಡಿದುಕೊಂಡೆ. ಗೇಟಿನಲ್ಲಿ ಅಜ್ಜಿ ದೃಷ್ಟಿ ತೆಗೆಯಲು ತಟ್ಟೆ ಹಿಡಿದು ನಿಂತಿದ್ದರು. ಅದರಲ್ಲಿ ಕುಂಕುಮದ ನೀರು ನೋಡಿದ ಚೈತ್ರಾ ಮೊದಲು ಕೋಲನ್ನು ಕಿತ್ತುಕೊಂಡು ತನ್ನ ಬೆನ್ನ ಹಿಂದೆ ಬಚ್ಚಿಟ್ಟಳು.