ಬ್ಯಾಂಡ್ ಮಾಸ್ಟರರ ಇಂಗ್ಲಿಷ್ ಪ್ಲೇಟುಗಳ ವಿಷಯ

ಮಾಸ್ಟರರ ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಹುಣಸೆ ಬೀಜದಷ್ಟು ದಪ್ಪನಾದ, ಹೆಚ್ಚುಕಡಿಮೆ ಅದೇ ಬಣ್ಣದ ಒಂದು ಜಡ್ಡು ಇತ್ತು. ಕ್ಲಾರಿಯೊನೆಟ್ ವಾದ್ಯದ ಭಾರವೆಲ್ಲ ಆ ಒಂದು ಬೆರಳಿನ ಮೇಲೆ ಕೂರುತ್ತದೆ ಎಂಬುದು ನನಗೆ ತಿಳಿದದ್ದು ಆ ಜಡ್ಡಿನಿಂದ. ಮಾತನಾಡುವಾಗ ಅವರು ಅದನ್ನು ತೋರುಬೆರಳಿನಿಂದ ಸವರಿಕೊಳ್ಳುತ್ತಲೇ ಇರುತ್ತಿದ್ದರು. ಸವರುವುದು ನಿಂತಿತೆಂದರೆ ಮನಸ್ಸಿಗೆ ಏನೋ ನೋವಾಗಿದೆಯೆಂದು ಅರ್ಥ.

ನಾನು ಇದುವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಈ ಬರಹದಲ್ಲಿ ಕಂಡುಬರಬಹುದಾದ ಲೋಪದೋಷಗಳನ್ನು ಓದುಗರು ಮನ್ನಿಸಬೇಕೆಂದು ಮೊದಲೇ ಕೋರುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಮಾಸ್ತನಾಗಿ ಮುಳಬಾಗಿಲಿಗೆ ವರ್ಗವಾಗಿ ಬಂದೆನು. ಬಾಡಿಗೆಗೆ ದೊರೆತ ಕೋಣೆಯ ಪಕ್ಕದ ಮನೆಯೇ ಮಾಸ್ಟರರದು. ಸುತ್ತಿನ ತಾಲ್ಲೂಕುಗಳ ಮದುವೆಗಳಲ್ಲಿ, ಹಿಂದೂ ಮುಸ್ಲಿಂ ಎನ್ನದೆ, ನುಡಿಸುತ್ತಿದ್ದ ಬ್ಯಾಂಡ್ ಸೆಟ್ಟಿಗೆ ಅವರು ಮುಖ್ಯಸ್ಥರು. ಮನೆಯೊಳಗೆ ದಖ್ನಿ ಉರ್ದು, ಬೀದಿಯಲ್ಲಿ ತೆಲುಗು, ನನ್ನೊಡನೆ ಕನ್ನಡ.

ಅವರ ಬಳಿ ಒಂದು ಟ್ರಂಕಿನ ತುಂಬ ಇಂಗ್ಲಿಷ್ ಹಾಡುಗಳ ಗ್ರಾಮಫೋನ್ ಪ್ಲೇಟುಗಳಿದ್ದವು. ಚಿನ್ನದ ಗಣಿಯ ಊರಿನಿಂದ ಮನೆ ಖಾಲಿ ಮಾಡಿ ಹೊರಟ ಆಂಗ್ಲೋ-ಇಂಡಿಯನ್ ಕುಟುಂಬವೊಂದು ಆ ಟ್ರಂಕನ್ನೂ, ಸೆಲ್ಲಿನಿಂದ ನಡೆಯುವ ಒಂದು ಪ್ಲೇಯರನ್ನೂ ಅವರಿಗೆ ಬಿಟ್ಟುಕೊಟ್ಟಿತ್ತು. ಪಾಪ್, ರಾಕ್, ಜಾಝ್‌ಗೆ ರಾಕ್ ಬೆರೆಸಿದ ಫ್ಯೂಷನ್, ಎಲ್ಲವೂ ಅದರಲ್ಲಿದ್ದವು. ಮಾಸ್ಟರರಿಗೆ ಇಂಗ್ಲಿಷ್ ಓದಲು ಬಾರದು. ರಟ್ಟಿನ ಮೇಲಿನ ಚಿತ್ರ ನೋಡಿ ಏಣಿ ಪ್ಲೇಟು, ಛತ್ರಿ ಪ್ಲೇಟು, ನೀಲಿ ಬಾಗಿಲ ಪ್ಲೇಟು ಎಂದು ತಾವೇ ಹೆಸರಿಟ್ಟಿದ್ದರು. ಒಂದೊಂದನ್ನೂ ಕೇಳಿ ಕೇಳಿ ಕಲಿತು, ಬ್ಯಾಂಡಿಗೆ ಹೊಂದಿಸುತ್ತಿದ್ದರು.

ಸೆಲ್ಲುಗಳ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟಾದ ಕ್ರಮವಿತ್ತು. ಹೊಸ ಸೆಲ್ಲುಗಳು ಮೊದಲು ಟಾರ್ಚಿಗೆ. ಟಾರ್ಚಿನ ಬೆಳಕು ಮಂಕಾದ ಮೇಲಷ್ಟೇ ಅವನ್ನು ಹೆಂಚಿನ ಮೇಲೆ ಬಿಸಿಲಿಗಿಟ್ಟು ಕಾಯಿಸಿ, ಪ್ಲೇಯರಿಗೆ ಹಾಕುತ್ತಿದ್ದರು.

“ಹೊಸದು ದಾರಿಗೆ, ಹಳೇದು ಹಾಡಿಗೆ,” ಎನ್ನುತ್ತಿದ್ದರು. “ಮದುವೆ ಮುಗಿಸ್ಕೊಂಡ್ ಬರೋವಾಗ ಗುಂಡಿಗೆ ಬಿದ್ರೆ ಹಾಡು ಬಂದು ಎತ್ತಲ್ಲ, ಗುಮಾಸ್ತ್ರೇ.”

ಏಣಿ ಪ್ಲೇಟಿನಿಂದ ಕಲಿತ ಒಂದು ರಾಗವನ್ನು ಅವರು ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆಂದೇ ಮೀಸಲಿಟ್ಟಿದ್ದರು. ಅದು ಬಹು ನಿಧಾನವಾದ, ಎದೆ ಹಿಂಡುವ ರಾಗ. ಕ್ಲಾರಿಯೊನೆಟ್ ಎತ್ತಿದೊಡನೆಯೇ ಹೆಂಗಸರು ಸೆರಗನ್ನು ಕಣ್ಣಿಗೆ ಒಯ್ಯುತ್ತಿದ್ದರು. ತೆಲುಗು ಮನೆಗಳಲ್ಲಿ ಅದಕ್ಕೆ ‘ಏಡುಪು ಪಾಟ’, ಅಂದರೆ ಅಳುವ ಹಾಡು, ಎಂದೇ ಹೆಸರಾಗಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಭಾವನವರು ತಮ್ಮ ಹಳೆಯ ಕರೆಂಟಿನ ಪ್ಲೇಯರನ್ನು ನನಗೆ ಕೊಟ್ಟರು. ಮಾಸ್ಟರರಿಂದ ಏಣಿ ಪ್ಲೇಟನ್ನು ಕೇಳಿ ತಂದು ಹಾಕಿದೆನು. ಅಳುವ ಹಾಡಿನ ಬದಲು ಕುಣಿಯುವ ಹಾಡು ಬಂದಿತು! ನನ್ನ ಯಂತ್ರವೇ ಕೆಟ್ಟಿದೆಯೆಂದು ಭಾವಿಸಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಸುತ್ತುಗಳನ್ನು ಎಣಿಸಿದೆನು. ನಿಮಿಷಕ್ಕೆ ಮೂವತ್ತಮೂರು, ಸರಿಯಾಗಿಯೇ ಇತ್ತು. ನಿಧಾನವಾಗಿ ತಿರುಗುತ್ತಿದ್ದುದು ಸವೆದ ಸೆಲ್ಲಿನ ಮಾಸ್ಟರರ ಯಂತ್ರ.

ತಪ್ಪು ಕಂಡುಬಂದಲ್ಲಿ ಕೂಡಲೇ ವರದಿ ಮಾಡುವುದು ನನ್ನ ಉದ್ಯೋಗದ ಅಭ್ಯಾಸ. ಅಂದು ಸಂಜೆಯೇ ಅವರನ್ನು ಕರೆದು ಕೇಳಿಸಿದೆನು. ಅವರು ಕೊನೆಯವರೆಗೂ ನಿಂತೇ ಕೇಳಿದರು. ಬೆರಳು ಜಡ್ಡನ್ನು ಸವರುವುದು ನಿಂತಿತ್ತು.

“ಇದಾ ನಿಜವಾದ್ದು?”

“ಹೌದು ಮಾಸ್ಟರ್.”

“ಹನ್ನೆರಡು ವರ್ಷ ಊದಿದೀನಿ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂದಿನಿಂದ ಅವರು ಆ ರಾಗವನ್ನು ನುಡಿಸುವುದನ್ನೇ ನಿಲ್ಲಿಸಿದರು. ಸುಗಟೂರಿನ ಮದುವೆಯೊಂದರಲ್ಲಿ ಹೆಣ್ಣಿನ ಅಜ್ಜಿ “ಏಡುಪು ಪಾಟ ಏದಿ ಸಾಹೇಬೂ?”, ಅಂದರೆ ಆ ಹಾಡೆಲ್ಲಿ, ಎಂದು ಎದುರಿಗೆ ಬಂದು ನಿಂತು ಕೇಳಿದರೂ ಸಿನಿಮಾ ಹಾಡೊಂದನ್ನು ಊದಿ ಮುಗಿಸಿದರಂತೆ.

ಒಂದು ಬೆಳಿಗ್ಗೆ ಅವರ ಪತ್ನಿಯವರು ಗೋಡೆಯಾಚೆಯಿಂದಲೇ ನನ್ನನ್ನು ಕರೆದರು. “ಏನ್ ಬೇಟಾ, ಮನುಷ್ಯನ ಬಾಯಿಂದ ಹಾಡು ಕಿತ್ಕೊಂಡ್ರಲ್ಲ! ಬರೋ ತಿಂಗಳು ಮಗಳ ಮದುವೆ. ಕಂಡೋರ ಮಕ್ಕಳಿಗೆಲ್ಲಾ ಊದಿದ್ರು, ಇವಳಿಗೆ ಇಲ್ವಂತೆ. ತಪ್ಪು ಹಾಡಂತೆ. ಹುಡುಗಿ ಊಟ ಬಿಟ್ಟು ಕೂತವ್ಳೆ.”

ನನಗಾದ ಸಂಕಟವನ್ನು ಇಲ್ಲಿ ನಮೂದಿಸಲು ಪದಗಳು ಸಾಲವು. ಅಂದೇ ಹೋಗಿ ನುಡಿಸಬೇಕೆಂದು ಕೇಳಿಕೊಂಡೆನು. “ಗೊತ್ತಿಲ್ದೆ ಊದಿದ್ದು ಬೇರೆ ಗುಮಾಸ್ತ್ರೇ. ಗೊತ್ತಾದ್ಮೇಲೆ ಹೆಂಗೆ ಊದ್ಲಿ?” ಎಂದರು.

ಆದರೆ ಮುಂದಿನ ಭಾನುವಾರ ಮಾಸ್ಟರರೇ ನನ್ನ ಕೋಣೆಗೆ ಬಂದರು. ಹಿಂದೆ ಟ್ರಂಕು ಹೊತ್ತ, ಅವರ ಬ್ಯಾಂಡಿನ ಡ್ರಮ್ಮಿನವರೊಬ್ಬರು.

“ಎಲ್ಲಾ ಹಾಕಿ. ಎಷ್ಟು ತಪ್ಪು ಊದಿದೀನಿ, ಒಂದೇ ಸಲ ನೋಡ್ಬಿಡಣ.”

ಒಂದೊಂದಾಗಿ ಹಾಕಿದೆನು. ಏಣಿ ಪ್ಲೇಟು ತಿರುಗಿದಾಗ ಡ್ರಮ್ಮಿನವರು ತೊಡೆ ತಟ್ಟಿ ನಕ್ಕರು. “ಈ ಸ್ಪೀಡಿಗೆ ಒಪ್ಪಿಸ್ಕೊಟ್ರೆ ಹೆಣ್ಣು ಕಾರಿಗಿಂತ ಮುಂದೆ ಓಡ್ತದೆ ಮಾಸ್ಟರೂ!”

“ಬಾಯ್ ಮುಚ್ಚಲೇ,” ಎಂದರು ಮಾಸ್ಟರರು. ಆದರೆ ತುಟಿಯಂಚಿನಲ್ಲಿ ನಗು ಸುಳಿಯಿತು. ಛತ್ರಿ ಪ್ಲೇಟಿಗೆ “ಇದಕ್ಕಿಂತ ನಮ್ದೇ ವಾಸಿ” ಎಂದೂ ತೀರ್ಪಿತ್ತರು.

ಕೊನೆಗೆ ಉಳಿದದ್ದು ನೀಲಿ ಬಾಗಿಲ ಪ್ಲೇಟು. ಅದು ಫ್ಯೂಷನ್. ಸವೆದ ಸೆಲ್ಲಿನಲ್ಲಿ ಅದು ಬರೀ ಗೊಗ್ಗರು ದನಿಯ ಗದ್ದಲವಾಗಿ ಕೇಳುತ್ತಿದ್ದುದರಿಂದ ಅವರು ಎಂದೂ ಅದನ್ನು ಅರ್ಧದಾಚೆ ಕೇಳಿರಲಿಲ್ಲ. ಮೊದಲು ಸ್ಯಾಕ್ಸೋಫೋನ್ ಒಂದು ರಾಗವನ್ನು ಜೋಗುಳದಂತೆ ಹಾಡಿತು. ಬಳಿಕ ಗಿಟಾರು ಅದನ್ನೇ ಎತ್ತಿಕೊಂಡು ಓಡಿತು. ಆಮೇಲೆ ಎಲ್ಲರೂ ಸೇರಿ ಅದನ್ನು ಗುರುತೇ ಸಿಗದಂತೆ ತಿರುಚಿ, ಮತ್ತೆ ಮೆಲ್ಲನೆ ಮೊದಲಿನ ಜೋಗುಳಕ್ಕೇ ತಂದಿಳಿಸಿದರು. ಮಾಸ್ಟರರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರು. ಆಮೇಲೆ ಮತ್ತೊಮ್ಮೆ.

“ನೋಡಿದ್ರಾ? ಒಂದೇ ಪಾಟ. ಇವ್ರೇ ಒಂದ್ಸಲ ನಿಧಾನ, ಒಂದ್ಸಲ ಜೋರು ಅಂತ ಊದವ್ರೆ,” ಎಂದು ಜಡ್ಡನ್ನು ಸವರತೊಡಗಿದರು. “ಇವ್ರ ಮೇಲೆ ತಪ್ಪು ಅಂತ ಯಾವ ಗುಮಾಸ್ತ ಅರ್ಜಿ ಹಾಕಿದ್ನಪ್ಪಾ?”

ನಾನು ತಲೆ ತಗ್ಗಿಸಿದೆನು. ಅವರು ನನ್ನ ಬೆನ್ನಿಗೆ ಗುದ್ದಿ, ಸಂಜೆಯ ನಮಾಜಿಗೆ ಎದ್ದು ಹೋದರು.

ಮದುವೆಯ ದಿನ ಮಗಳನ್ನು ಶ್ರೀನಿವಾಸಪುರಕ್ಕೆ ಕರೆದೊಯ್ಯಲು ಬಾಡಿಗೆ ಕಾರು ಬಾಗಿಲಿಗೆ ಬಂದು ನಿಂತಿತು. ಮಾಸ್ಟರರು ಶೇರ್ವಾನಿಯಲ್ಲಿಯೇ ಕ್ಲಾರಿಯೊನೆಟ್ ಎತ್ತಿದರು. ನಮಗೆಲ್ಲ ಗೊತ್ತಿದ್ದ ಅದೇ ನಿಧಾನದ ರಾಗ. ತಾಯಿ ಅತ್ತರು, ಮಗಳು ಅತ್ತಳು, ಡ್ರಮ್ಮಿನವರೂ ಮೂಗೊರೆಸಿಕೊಂಡರು. ಮಗಳು ಕಾರಿನಲ್ಲಿ ಕುಳಿತು, ಬಾಗಿಲು ಹಾಕಿ, ಚಕ್ರ ಉರುಳಿದ್ದೇ ತಡ, ಮಾಸ್ಟರರು ಯಾರಿಗೂ ಸುಳಿವು ಕೊಡದೆ ಅದೇ ರಾಗವನ್ನು ನಿಜವಾದ ವೇಗಕ್ಕೆ ಏರಿಸಿದರು. ಡ್ರಮ್ಮಿನವರು “ಅಯ್ಯಯ್ಯೋ ಮಾಸ್ಟರೂ!” ಎನ್ನುತ್ತಲೇ ಓಡಿ ಹೊಂದಿಕೊಂಡರು. ಕಾರಿನ ಕಿಟಕಿಯಿಂದ ಮೆಹೆಂದಿಯ ಕೈ ಹೊರಬಂತು. ಅದರ ಹಿಂದೆ, ಒದ್ದೆ ಕೆನ್ನೆಯಲ್ಲೇ ಬಿದ್ದು ಬಿದ್ದು ನಗುತ್ತಿದ್ದ ಮುಖ. “ಅಬ್ಬಾಜಾನ್, ಸಾಕು! ಉಸಿರು ಕಟ್ತದೆ!” ಎಂದು ಆಕೆ ಕೂಗಿದ್ದು ತಿರುವಿನವರೆಗೂ ಕೇಳಿಸಿತು.

ಮಾಸ್ಟರರು ತೀರಿಕೊಂಡಾಗ ನಾನು ಮಾಲೂರಿನಲ್ಲಿದ್ದೆನು. ತಿಳಿಸಿದ ಕಾರ್ಡು ನನ್ನ ಕೈಸೇರುವ ವೇಳೆಗೆ ಮಣ್ಣಾಗಿ ನಾಲ್ಕು ದಿನ ಕಳೆದಿತ್ತು. ಅವರಲ್ಲಿ ವಿಧಿವತ್ತಾಗಿ ಕ್ಷಮೆ ಕೇಳಬೇಕೆಂದು ನಾನು ಹಲವು ಬಾರಿ ಪ್ರಯತ್ನಿಸಿದ್ದುಂಟು. ಒಮ್ಮೆಯೂ ಮಾತು ಪೂರ್ತಿ ಮಾಡಲು ಅವರು ಬಿಟ್ಟವರಲ್ಲ. ಕೊನೆಯ ಭೇಟಿಯಲ್ಲಿಯೂ ಕೈಯೆತ್ತಿ ತಡೆದು, ಹೀಗೆಂದರು:

“ಏನ್ ಕ್ಷಮೆ ಗುಮಾಸ್ತ್ರೇ? ನೀವು ಹೇಳ್ದೇ ಇದ್ದಿದ್ರೆ ನನ್ ಮಗಳು ಅಳ್ತಾನೇ ಹೋಗ್ಬಿಡ್ತಿದ್ಲು.”